ಎನ್‌ಲೈಟ್ 1.4.9.3: ಎಕ್ಸ್‌ಪಿ ಸಿಡಿಗೆ ಸಾಟಾ ಡ್ರೈವರ್ ಸೇರಿಸುವ ಸಾಧನ, ವರ್ಷಗಳ ಬಳಕೆಯ ನಂತರ

ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಡಿತ ಯಾಕೆ ಅನ್ನುವುದು ಮುಂದೆ ಬರುತ್ತದೆ.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಅಕ್ಕಿ ಗಿರಣಿಯ ಕಾಟಾಗೆ (ತೂಕದ ಯಂತ್ರಕ್ಕೆ) ಜೋಡಿಸಿದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಬದಲಿಸುವುದು ಹೇಳಿದಷ್ಟು ಸುಲಭವಲ್ಲ. ತೂಕದ ಇಂಡಿಕೇಟರ್ ಸೀರಿಯಲ್ ಪೋರ್ಟ್‌ನಲ್ಲಿ, ಸಾಫ್ಟ್‌ವೇರ್‌ನ ಡಾಂಗಲ್ (ಪರವಾನಗಿಯ ಕೀಲಿ) ಪ್ಯಾರಲಲ್ ಪೋರ್ಟ್‌ನಲ್ಲಿ ಇದ್ದರೆ ಎಕ್ಸ್‌ಪಿಯನ್ನೇ ಉಳಿಸಿಕೊಳ್ಳಬೇಕು. ಹಾರ್ಡ್ ಡಿಸ್ಕ್ ಕೆಟ್ಟು ಹೊಸದು ಹಾಕಿದಾಗ, ಇಲ್ಲವೇ ಬೋರ್ಡ್ ಬದಲಾಯಿಸಿದಾಗ ತೊಂದರೆ ಶುರು. ಸೆಟಪ್ ಒಂದೋ ಹಾರ್ಡ್ ಡಿಸ್ಕ್ ಸಿಗಲಿಲ್ಲ ಅನ್ನುತ್ತದೆ, ಅಥವಾ ನೀಲಿ ಪರದೆಯಲ್ಲಿ 7ಬಿ ಎಂಬ ಸ್ಟಾಪ್ ಕೋಡ್ ತೋರಿಸಿ ನಿಲ್ಲುತ್ತದೆ. ಎರಡರ ಕಾರಣವೂ ಸಾಮಾನ್ಯವಾಗಿ ಒಂದೇ. ಎಕ್ಸ್‌ಪಿ 2001ರದು, ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾ ಕಂಟ್ರೋಲರ್‌ನ ಎಎಚ್‌ಸಿಐ ಎಂಬ ವಿಧಾನ ಅದರ ನಂತರ ಬಂದದ್ದು. ಮೂಲ ಸಿಡಿಯಲ್ಲಿ ಅದರ ಡ್ರೈವರ್ ಇಲ್ಲ.

ಮೊದಲು ಬೋರ್ಡ್ ಯಾವುದು ನೋಡಿ. ಇಂಟೆಲ್ ಜಿ31, ಜಿ41 ಚಿಪ್‌ಸೆಟ್‌ನ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಸಾದಾ ಐಸಿಎಚ್7 ಚಿಪ್ ಇರುತ್ತದೆ. ಅದಕ್ಕೆ ಎಎಚ್‌ಸಿಐ ಇಲ್ಲವೇ ಇಲ್ಲ, ಎಕ್ಸ್‌ಪಿ ನೇರವಾಗಿ ಕೂರುತ್ತದೆ. ಎಚ್61 ಬೋರ್ಡ್‌ನಲ್ಲಿ ಬಯೋಸ್‌ಗೆ (ಬೋರ್ಡ್‌ನ ಸೆಟ್ಟಿಂಗ್ ಪುಟಕ್ಕೆ) ಹೋಗಿ ಸಾಟಾ ಮೋಡ್ ಅನ್ನು ಎಎಚ್‌ಸಿಐನಿಂದ ಹಳೆಯ ಐಡಿಇ ವಿಧಾನಕ್ಕೆ ಬದಲಿಸಿದರೂ ಕೆಲಸ ಆಗುತ್ತದೆ. ಬಹಳ ಮಂದಿ ಅಷ್ಟಕ್ಕೇ ಬಿಡುತ್ತಾರೆ. ಆದರೆ ಬೋರ್ಡ್ ಮೇಲಿನ ಸಿಆರ್2032 ಸೆಲ್ ಸತ್ತ ದಿನ ಆ ಸೆಟ್ಟಿಂಗ್ ಅಳಿಸಿಹೋಗುತ್ತದೆ. ರಾತ್ರಿ ಕರೆಂಟ್ ಹೋಗಿ ಬೆಳಿಗ್ಗೆ ಆನ್ ಮಾಡಿದರೆ ಬಯೋಸ್ ಮರಳಿ ಎಎಚ್‌ಸಿಐ ಹಿಡಿದಿರುತ್ತದೆ, ಪರದೆಯಲ್ಲಿ ಅದೇ 7ಬಿ. ಡಿಸ್ಕ್ ಹೋಯಿತೆಂದು ಹೆದರಿ ಫಾರ್ಮ್ಯಾಟ್‌ಗೆ ಕೈ ಹಾಕಬೇಡಿ. ಸೆಲ್ ಬದಲಿಸಿ, ದಿನಾಂಕ ಸರಿ ಮಾಡಿ, ಮೋಡ್ ಹಿಂದಿನಂತೆ ಇಡಿ, ಸಾಕು. ಇಂಟೆಲ್ 100 ಸರಣಿಯ ಚಿಪ್‌ಸೆಟ್‌ನಿಂದ ಮುಂದಕ್ಕೆ ಐಡಿಇ ಆಯ್ಕೆಯೇ ಇಲ್ಲ. ಅಂಥ ಬೋರ್ಡ್ ಎಕ್ಸ್‌ಪಿಗೆಂದು ಕೊಳ್ಳಬೇಡಿ.

ಸೆಟಪ್ ಶುರುವಾಗುವಾಗ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡುವುದು ಮೈಕ್ರೋಸಾಫ್ಟ್ ಇಟ್ಟ ದಾರಿ. ಈಗಿನ ಬೋರ್ಡ್‌ನಲ್ಲಿ ಫ್ಲಾಪಿ ಕನೆಕ್ಟರ್ ಇಲ್ಲ, ಯುಎಸ್‌ಬಿ ಫ್ಲಾಪಿ ಡ್ರೈವ್ ತಂದರೆ ಅರ್ಧ ದಾರಿಯಲ್ಲಿ ಕೈಕೊಡುವುದುಂಟು. ಶುರುವಿನಲ್ಲಿ ಬಯೋಸ್ ಅದನ್ನು ಎ ಡ್ರೈವ್ ಎಂದು ತೋರಿಸುವುದರಿಂದ ಡ್ರೈವರ್ ಓದುತ್ತದೆ. ಆಮೇಲೆ ಸೆಟಪ್ ತನ್ನದೇ ಯುಎಸ್‌ಬಿ ಡ್ರೈವರ್ ಎಬ್ಬಿಸಿದಾಗ ಬಯೋಸ್‌ನ ಆಸರೆ ತಪ್ಪುತ್ತದೆ. ಸೆಟಪ್ ಗುರುತಿಸುವ ಕೆಲವೇ ಮಾದರಿಗಳಲ್ಲಿ ಆ ಡ್ರೈವ್ ಇಲ್ಲದಿದ್ದರೆ, ಫೈಲ್ ನಕಲಾಗುವ ಹೊತ್ತಿಗೆ 'ಫ್ಲಾಪಿ ಹಾಕಿ' ಎಂದು ಕೇಳುತ್ತಲೇ ಇರುತ್ತದೆ.

ಎನ್‌ಲೈಟ್ ಗೆಲ್ಲುವುದು ಇಲ್ಲಿಯೇ. ಡ್ರೈವರ್ ಸಿಡಿಯೊಳಗೇ ಸೇರಿದ ಮೇಲೆ ಎಫ್6 ಒತ್ತುವ ಮಾತೇ ಇಲ್ಲ. ಇದು ಉಚಿತ ಸಾಫ್ಟ್‌ವೇರ್, ಓಡಲು ಡಾಟ್‌ನೆಟ್ 2.0 ಬೇಕು. ವಿಂಡೋಸ್ 10ರಲ್ಲಾದರೆ ಡಾಟ್‌ನೆಟ್ 3.5 ಫೀಚರ್ ಆನ್ ಮಾಡಿ, ಅದರಲ್ಲೇ 2.0 ಇದೆ.

ಎಕ್ಸ್‌ಪಿ ಸಿಡಿಯನ್ನು ಪೂರ್ತಿಯಾಗಿ ಒಂದು ಫೋಲ್ಡರ್‌ಗೆ ನಕಲು ಮಾಡಿ, ಎನ್‌ಲೈಟ್‌ಗೆ ಅದನ್ನೇ ತೋರಿಸಿ. ಸಿಡಿ ಹಳೆಯದಾದರೆ ಮೊದಲು ಸರ್ವಿಸ್ ಪ್ಯಾಕ್ 3 ಸೇರಿಸಿ. ಅದರ ಪೂರ್ತಿ ಫೈಲ್ ಸುಮಾರು 316 ಎಂಬಿ, ಸಿಡಿಯ ಭಾಷೆಯದೇ ಆಗಿರಬೇಕು. ಸರ್ವಿಸ್ ಪ್ಯಾಕ್ ಇಲ್ಲದ ಮೂಲ ಸಿಡಿ 137 ಜಿಬಿಗಿಂತ ದೊಡ್ಡ ಡಿಸ್ಕನ್ನು ಸರಿಯಾಗಿ ನೋಡುವುದಿಲ್ಲ. ನಂತರ ಡ್ರೈವರ್ಸ್ ಪುಟದಲ್ಲಿ 'ಇನ್ಸರ್ಟ್', 'ಸಿಂಗಲ್ ಡ್ರೈವರ್' ಒತ್ತಿ ಇಂಟೆಲ್ ಎಫ್6 ಫ್ಲಾಪಿ ಪ್ಯಾಕೇಜಿನ 32 ಬಿಟ್ ಫೋಲ್ಡರ್‌ನಿಂದ ಐಎನ್‌ಎಫ್ (ಡ್ರೈವರ್ ವಿವರದ) ಫೈಲ್ ಆರಿಸಿ. ಅಲ್ಲಿ ಎರಡು ಐಎನ್‌ಎಫ್ ಇರುತ್ತವೆ: ಹೆಸರಿನಲ್ಲಿ ಎಎಚ್‌ಸಿಐ ಇರುವುದು ನಮಗೆ ಬೇಕಾದದ್ದು, ಇನ್ನೊಂದು ರೇಡ್‌ಗೆ, ಅಂದರೆ ಹಲವು ಡಿಸ್ಕ್ ಒಟ್ಟಿಗೆ ಬಳಸುವ ವಿಧಾನಕ್ಕೆ. ಎಕ್ಸ್‌ಪಿಗೆ ಇಂಟೆಲ್ ರಾಪಿಡ್ ಸ್ಟೋರೇಜ್ 11.2ರವರೆಗಿನ ಆವೃತ್ತಿಯನ್ನೇ ಬಳಸಿ, ಅದಕ್ಕಿಂತ ಹೊಸದು ಬೇಡ.

ಈಗ ಬರುವ ಚಿಕ್ಕ ಕಿಟಕಿಯಲ್ಲೇ ಹೆಚ್ಚಿನ ತಪ್ಪುಗಳಾಗುತ್ತವೆ. ಅಲ್ಲಿ 'ಟೆಕ್ಸ್ಟ್‌ಮೋಡ್ ಡ್ರೈವರ್' ಆರಿಸಲೇಬೇಕು. 'ರೆಗ್ಯುಲರ್ ಪಿಎನ್‌ಪಿ' ಆರಿಸಿದರೆ ಡ್ರೈವರ್ ಸಿಡಿಯಲ್ಲಿ ಇದ್ದೂ ಇಲ್ಲದಂತೆ. ಸೆಟಪ್‌ನ ಮೊದಲರ್ಧ, ಆ ನೀಲಿ ಪರದೆಯ ಅಕ್ಷರದ ಭಾಗ, ಡ್ರೈವರ್‌ಗಳಿಗಾಗಿ ತನ್ನದೇ ಪಟ್ಟಿಯ ಫೈಲ್ ಒಂದನ್ನೇ ನೋಡುತ್ತದೆ. ಪಿಎನ್‌ಪಿ ಡ್ರೈವರ್ ಕೆಲಸಕ್ಕೆ ಬರುವುದು ಎರಡನೇ ಅರ್ಧದಲ್ಲಿ, ಡಿಸ್ಕ್ ಸಿಗದೆ ಅಲ್ಲಿಗೆ ತಲುಪುವುದೇ ಇಲ್ಲ.

ಅದೇ ಕಿಟಕಿಯ ಪಟ್ಟಿಯಲ್ಲಿ ನಿಮ್ಮ ಕಂಟ್ರೋಲರ್ ಆರಿಸಬೇಕು. ಹೆಸರು ನಂಬಬೇಡಿ, ಡಿವೈಸ್ ಐಡಿ (ಚಿಪ್‌ನ ಗುರುತು ಸಂಖ್ಯೆ) ನೋಡಿ. ಇಂಟೆಲ್ ವೆಂಡರ್ ಐಡಿ 8086. 6 ಸರಣಿಯ ಚಿಪ್‌ಸೆಟ್‌ನ (ಎಚ್61 ಇದರದೇ) ಡೆಸ್ಕ್‌ಟಾಪ್ ಎಎಚ್‌ಸಿಐ 1ಸಿ02, 7 ಸರಣಿಯದು 1ಇ02. ಐಡಿಇ ಮೋಡ್‌ನಲ್ಲಿ ಓಡುತ್ತಿರುವ ಎಕ್ಸ್‌ಪಿಯ ಡಿವೈಸ್ ಮ್ಯಾನೇಜರ್ ನೋಡಿ ಐಡಿ ಬರೆದುಕೊಂಡರೆ ಮೋಸ ಹೋಗುತ್ತೀರಿ: ಮೋಡ್ ಬದಲಾದರೆ ಐಡಿಯೂ ಬದಲಾಗುತ್ತದೆ, ಐಡಿಇಯಲ್ಲಿ ಅದೇ 6 ಸರಣಿ 1ಸಿ00, 1ಸಿ08 ಎಂದು ಕಾಣಿಸುತ್ತದೆ. ಬಯೋಸ್‌ನಲ್ಲಿ ಎಎಚ್‌ಸಿಐ ಇಟ್ಟು, ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡನ್ನು ಎನ್‌ಎನ್ ಆಯ್ಕೆಯೊಂದಿಗೆ (lspci -nn) ಕೊಡಿ. ನಿಜವಾದ ಐಡಿ ಅಲ್ಲಿ ಸಿಗುತ್ತದೆ.

ಕೊನೆಗೆ ಬೂಟಬಲ್ ಐಎಸ್‌ಒ (ಸಿಡಿಯ ಇಮೇಜ್ ಫೈಲ್) ಮಾಡಿ, ಕಡಿಮೆ ವೇಗದಲ್ಲಿ ಸಿಡಿ ಬರೆಯಿರಿ. ಗಿರಣಿಯ ತೌಡಿನ ಧೂಳು, ಬಳ್ಳಾರಿಯ ಕೆಂಪು ಧೂಳು ಡಿವಿಡಿ ಡ್ರೈವಿನ ಲೆನ್ಸ್ ಮೇಲೆ ಕೂತರೆ 'ಫೈಲ್ ನಕಲಾಗಲಿಲ್ಲ' ಎಂಬ ದೋಷ ಬರುತ್ತದೆ. ಅದು ಡ್ರೈವರ್ ಫೈಲ್ ಹೆಸರಿನಲ್ಲೇ ಬಂದರೂ ತಪ್ಪು ಡ್ರೈವರಿನದೇ ಅಂದುಕೊಳ್ಳಬೇಡಿ. ಬೇರೆ ಡ್ರೈವ್ ಜೋಡಿಸಿ ನೋಡಿ.

ಅಂಕ ಕಳೆದದ್ದು ಎರಡು ಕಾರಣಕ್ಕೆ. ಕಾಂಪೊನೆಂಟ್ ತೆಗೆಯುವ ಪುಟ ಕೈಗೆಟುಕುವಂತಿದ್ದು ಆಸೆ ಹುಟ್ಟಿಸುತ್ತದೆ. ಬೇಡವೆಂದು ಪ್ರಿಂಟಿಂಗ್ ಅಥವಾ ಪೋರ್ಟ್‌ಗೆ ಸಂಬಂಧಿಸಿದ್ದನ್ನು ತೆಗೆದರೆ ಕಾಟಾದ ಚೀಟಿ ಮುದ್ರಣ ನಿಂತೀತು. ಆ ಪುಟವನ್ನೇ ಆರಿಸಬೇಡಿ. ಎರಡನೆಯದು, ಒಮ್ಮೆ ಬದಲಿಸಿದ ಫೋಲ್ಡರ್ ಮೇಲೆ ಮತ್ತೆ ಕೆಲಸ ಮಾಡಿದರೆ ಗೊಂದಲ. ಡ್ರೈವರ್ ತಪ್ಪಿದರೆ ಮೂಲ ಸಿಡಿಯಿಂದ ಹೊಸ ನಕಲು ತೆಗೆದು ಮೊದಲಿನಿಂದ ಮಾಡಿ.

ಇನ್ನೊಂದು ಮಾತು ಎನ್‌ಲೈಟ್‌ನ ವ್ಯಾಪ್ತಿಗೆ ಹೊರಗಿನದಾದರೂ ಬಿಡುವಂತಿಲ್ಲ. ಹೊಸ ಹಾರ್ಡ್ ಡಿಸ್ಕ್‌ಗಳ ಒಳಗಿನ ಸೆಕ್ಟರ್ 4096 ಬೈಟ್. ಎಕ್ಸ್‌ಪಿ ಮೊದಲ ಪಾರ್ಟಿಷನ್ ಅನ್ನು 63ನೇ ಸೆಕ್ಟರ್‌ನಿಂದ ಶುರು ಮಾಡುವುದರಿಂದ ಜೋಡಣೆ ತಪ್ಪಿ ಬರೆಯುವ ವೇಗ ಬೀಳುತ್ತದೆ. ಡಿಸ್ಕನ್ನು ಮೊದಲೇ ವಿಂಡೋಸ್ 7 ಕಂಪ್ಯೂಟರಿಗೆ ಜೋಡಿಸಿ ಪಾರ್ಟಿಷನ್ ಮಾಡಿ, ಅದು 2048ನೇ ಸೆಕ್ಟರ್‌ನಿಂದ ಶುರು ಮಾಡುತ್ತದೆ. ಎಕ್ಸ್‌ಪಿ ಸೆಟಪ್‌ನಲ್ಲಿ ಆ ಪಾರ್ಟಿಷನ್ ಅಳಿಸದೆ ಅದರಲ್ಲೇ ಹಾಕಿ. ಡಿಸ್ಕ್ 2 ಟಿಬಿ ಮೀರದಿರಲಿ.

ವಿಂಡೋಸ್ 7ಕ್ಕೆ ಈ ಸಾಧನ ಬರುವುದಿಲ್ಲ, ಅದಕ್ಕೆ ಎಎಚ್‌ಸಿಐ ತೊಂದರೆಯೂ ಇಲ್ಲ. ಅಲ್ಲಿ ಕಾಡುವುದು ಯುಎಸ್‌ಬಿ 3 ಮತ್ತು ಎನ್‌ವಿಎಂಇ (ಹೊಸ ಬಗೆಯ ವೇಗದ ಎಸ್‌ಎಸ್‌ಡಿ). ಅವುಗಳ ಡ್ರೈವರ್ ಸೇರಿಸಲು ವಿಂಡೋಸ್‌ನ ಡಿಸ್ಮ್ (DISM) ಕಮಾಂಡ್ ಬಳಸಿ, ಸೆಟಪ್ ಡಿಸ್ಕಿನ ಬೂಟ್.ವಿಮ್ ಫೈಲ್‌ನ ಎರಡೂ ಇಂಡೆಕ್ಸ್‌ಗಳಿಗೆ, ಇನ್‌ಸ್ಟಾಲ್.ವಿಮ್‌ಗೆ ಹಾಕಬೇಕು.

ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ಬೆಂಬಲ ನಿಂತಿದೆ. ಕಾಟಾದ ಕಂಪ್ಯೂಟರಿಗೆ ಇಂಟರ್ನೆಟ್ ತಂತಿ ಚುಚ್ಚಬೇಡಿ. ಸಿದ್ಧವಾದ ಸಿಡಿಯ ಎರಡು ಪ್ರತಿ ಮಾಡಿ, ಬೋರ್ಡ್ ಮಾದರಿ, ಡಿವೈಸ್ ಐಡಿ, ಬಯೋಸ್ ಮೋಡ್ ಮೂರನ್ನೂ ಕವರ್ ಮೇಲೆ ಬರೆದು ಕ್ಯಾಬಿನೆಟ್ ಒಳಗೇ ಅಂಟಿಸಿ.