ಬಂದರ್ ದಕ್ಕೆಯಿಂದ ಬೆಂಗ್ರೆಗೆ: ಒಂದು ಫೆರಿ ಸೇವೆಯ ವಿಮರ್ಶೆ

ಮಂಗಳೂರಿನ ಹಳೆ ಬಂದರಿನ ದಕ್ಕೆಯಿಂದ, ಅಂದರೆ ದೋಣಿಗಳು ನಿಲ್ಲುವ ಕಟ್ಟೆಯಿಂದ, ನದಿಯಾಚೆಯ ಬೆಂಗ್ರೆಗೆ ಹೋಗುವ ಫೆರಿಯನ್ನು ವಿಹಾರದ ದೋಣಿಯೆಂದು ಭಾವಿಸಿ ಹತ್ತಿದವರಿಗೆ ನಿರಾಸೆಯಾದೀತು. ಅದು ಬೆಂಗ್ರೆಯವರು ಕೆಲಸಕ್ಕೆ, ಶಾಲೆಗೆ, ಪೇಟೆಗೆ ಹೋಗಿಬರಲು ಬಳಸುವ ನಿತ್ಯದ ಸಾರಿಗೆ. ರಸ್ತೆಯಲ್ಲಾದರೆ ಕೂಳೂರು, ತಣ್ಣೀರುಬಾವಿ ಸುತ್ತಿ ತಲುಪಬೇಕಾದ ಊರನ್ನು ಕೆಲವೇ ನಿಮಿಷಗಳಲ್ಲಿ ಮುಟ್ಟಿಸುತ್ತದೆ. ಆ ಮಟ್ಟಿಗೆ ಸೇವೆ ತೃಪ್ತಿಕರ.

ನನಗೆ ಅದು ಹೆಚ್ಚು ಇಷ್ಟವಾದದ್ದು ಬೇರೆ ಕಾರಣಕ್ಕೆ. ಬಂದರೊಂದು ಹಡಗು, ದೋಣಿಗಳಿಗೆ ಹೇಗೆ ಆಸರೆಯಾಗುತ್ತದೆ ಎಂಬುದು ನದಿಯ ನಡುವೆ ನಿಂತಾಗಲೇ ಸರಿಯಾಗಿ ತಿಳಿಯುತ್ತದೆ. ಪಶ್ಚಿಮಕ್ಕೆ ಉದ್ದಕ್ಕೂ ಚಾಚಿದ ಬೆಂಗ್ರೆಯ ಮರಳ ಪಟ್ಟಿ ಅರಬ್ಬೀ ಸಮುದ್ರದ ಅಲೆಗಳನ್ನು ಆಚೆಯೇ ತಡೆಯುವುದರಿಂದ, ಈಚೆ ಫಲ್ಗುಣಿ ನದಿಯ ನೀರಿನಲ್ಲಿ ಒಂದಕ್ಕೊಂದು ತಾಗಿಸಿ ಕಟ್ಟಿದ, ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟುಗಳು ನಿಶ್ಚಿಂತೆಯಿಂದ ನಿಂತಿರುತ್ತವೆ. ಅವುಗಳ ಪಕ್ಕಕ್ಕೆ ತೂಗುಹಾಕಿದ ಹಳೆ ಟೈರುಗಳು ಮಾತ್ರ ಮೆಲ್ಲಗೆ ಉಜ್ಜಿಕೊಳ್ಳುತ್ತವೆ. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳೆಂಬ ಮರದ ಹಡಗುಗಳು ಸರಕು ತುಂಬಿಸಿಕೊಳ್ಳುವುದೂ ಈ ಬಂದರಿನಲ್ಲಿಯೇ, ಮಳೆಗಾಲದಲ್ಲಿ ಅವುಗಳ ಓಡಾಟವಿಲ್ಲ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ನದಿ ಕಡಲನ್ನು ಸೇರುವ ಈ ಅಳಿವೆಯನ್ನು ಮಲಬಾರಿನಲ್ಲೇ ದೊಡ್ಡದೆಂದು ಬರೆದಿದ್ದಾನೆ.

ಆದರೆ ಕಾಯುವ ಮರಳೇ ಕಾಡುತ್ತದೆ ಕೂಡ. ನೇತ್ರಾವತಿ, ಫಲ್ಗುಣಿಗಳು ಹೊತ್ತು ತರುವ ಹೂಳೂ ಕಡಲ ಮರಳೂ ಸೇರಿ ಅಳಿವೆ ಬಾಗಿಲಲ್ಲಿ ದಿಬ್ಬ ಕಟ್ಟುವುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾಗದೆ ಹೊರಗೇ ಲಂಗರು ಹಾಕಬೇಕಾಗುತ್ತಿತ್ತು. ಕೊನೆಗೆ ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನೇ ಅಗೆದು, ಕಡಲೊಳಕ್ಕೆ ಅಲೆತಡೆಗೋಡೆಗಳನ್ನು ಕಟ್ಟಿ ಹೊಸ ಬಂದರನ್ನು ನಿರ್ಮಿಸಲಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಹಳೆ ಬಂದರಿನ ಬೋಟುಗಳಿಗೆ ಮಾತ್ರ ಇಂದಿಗೂ ಅಳಿವೆ ಬಾಗಿಲೇ ಗತಿ, ಅಲ್ಲಿನ ಆಳ ತಿಳಿದವರಷ್ಟೇ ಧೈರ್ಯದಿಂದ ದಾಟಬಲ್ಲರು.

ಫೆರಿಯ ಮಟ್ಟಿಗೆ ಒಂದೆರಡು ಎಚ್ಚರಿಕೆಯ ಮಾತು ಹೇಳಬೇಕು. ಇಳಿತದ ಹೊತ್ತಿಗೆ ದೋಣಿ ದಕ್ಕೆಗಿಂತ ಬಹಳ ಕೆಳಗಿರುತ್ತದೆ, ಒದ್ದೆ ಮೆಟ್ಟಿಲು ಜಾರುತ್ತದೆ. ಹಿರಿಯರೊಂದಿಗೆ ಹೋಗುವವರು ಉಬ್ಬರದ ಸಮಯ ವಿಚಾರಿಸಿ ಹೊರಡುವುದು ಒಳ್ಳೆಯದು. ಮೀನಿನ ವಾಸನೆ ಸಹಿಸದವರು ಈ ಕಡೆ ಬರುವುದೇ ಬೇಡ. ಬಂದರು ತುಂಬಿರುವುದನ್ನು ನೋಡಬೇಕೆಂದರೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳೇ ಸೂಕ್ತ. ಮಳೆ ಜೋರಾಗಿದ್ದ ದಿನ ಮಾತ್ರ ಫೆರಿ ಓಡುತ್ತಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.