ವಿಷುವಲ್ ಅಬ್‌ಸ್ಟ್ರಾಕ್ಟ್ ಮಾಡೋಕೆ ಫ್ರೀ ಗೈಡ್ ಪ್ಲಸ್ ಪವರ್‌ಪಾಯಿಂಟ್: ನನ್ನ ರಿವ್ಯೂ (5ಕ್ಕೆ 4)

ಸಂಶೋಧನಾ ಪೇಪರ್ ಓದಿ ಚರ್ಚೆ ಮಾಡೋ ನಮ್ಮ ಜರ್ನಲ್ ಕ್ಲಬ್‌ನಲ್ಲಿ ಪಿಜಿ ಡಾಕ್ಟರ್‌ಗಳು ಕೇಳ್ತಾನೇ ಇರ್ತಾರೆ, ಮೇಡಂ, ಪೇಪರ್‌ನ ಸಾರಾಂಶಾನ ಒಂದೇ ಚಿತ್ರದಲ್ಲಿ, ಅಂದ್ರೆ ವಿಷುವಲ್ ಅಬ್‌ಸ್ಟ್ರಾಕ್ಟ್ ಆಗಿ, ಹಾಕೋಕೆ ಯಾವ ಸಾಫ್ಟ್‌ವೇರ್ ತಗೋಬೇಕು ಅಂತ. ಏನೂ ದುಡ್ಡು ಕೊಟ್ಟು ತಗೋಬೇಡಿ. ಮಿಷಿಗನ್ ಯೂನಿವರ್ಸಿಟಿ ಸರ್ಜನ್ ಆಂಡ್ರ್ಯೂ ಇಬ್ರಾಹಿಂ ಅವರು ಬರೆದು ಫ್ರೀಯಾಗಿ ಬಿಟ್ಟಿರೋ ಗೈಡ್ ಇದೆ, ಲ್ಯಾಪ್‌ಟಾಪ್‌ನಲ್ಲಿ ಪವರ್‌ಪಾಯಿಂಟ್ ಇದೆ, ಅಷ್ಟು ಸಾಕು. 2016ರಲ್ಲಿ ಆನಲ್ಸ್ ಆಫ್ ಸರ್ಜರಿ ಜರ್ನಲ್‌ನಲ್ಲಿ ವಿಷುವಲ್ ಅಬ್‌ಸ್ಟ್ರಾಕ್ಟ್ ಶುರು ಮಾಡಿದ್ದೇ ಇವರು, ಆಮೇಲೆ ಬೇರೆ ದೊಡ್ಡ ದೊಡ್ಡ ಜರ್ನಲ್‌ಗಳೂ ಇದೇ ದಾರಿ ಹಿಡಿದವು.

ಗೈಡ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಅದರ ಶಿಸ್ತು. ಮೇಲೆ ಪೇಪರ್‌ನ ಪ್ರಶ್ನೆ ಅಥವಾ ಟೈಟಲ್, ಮಧ್ಯ ಮೂರು ಭಾಗ, ಒಂದೊಂದರಲ್ಲಿ ಒಂದು ಫಲಿತಾಂಶ, ಒಂದು ಐಕಾನ್, ಒಂದು ನಂಬರ್, ಕೆಳಗೆ ಲೇಖಕರ ಹೆಸರು, ಜರ್ನಲ್, ವರ್ಷ. ಮುಗೀತು. ನಮ್ಮೋರು ಮೊದಲ ಸಲ ಮಾಡಿದಾಗ ಎಲ್ಲಾ ಟೇಬಲ್‌ನೂ ತುರುಕ್ತಾರೆ, ಮೊಬೈಲ್‌ನಲ್ಲಿ ನೋಡಿದ್ರೆ ಒಂದಕ್ಷರ ಓದೋಕಾಗಲ್ಲ.

ಕೆಲಸ ಮಾಡುತ್ತಾ ಅಂದ್ರೆ, ಮಾಡುತ್ತೆ. ಇಬ್ರಾಹಿಂ ಮತ್ತು ಅವರ ಜೊತೆಗಾರರು 44 ಪೇಪರ್ ತಗೊಂಡು, ಒಂದೊಂದನ್ನೂ ಒಮ್ಮೆ ಬರೀ ಟೈಟಲ್ ಹಾಕಿ, ಒಮ್ಮೆ ಚಿತ್ರ ಹಾಕಿ ಟ್ವೀಟ್ ಮಾಡಿ ನೋಡಿದ್ರು, 2017ರಲ್ಲಿ ಪ್ರಕಟ ಆಯ್ತು. ಚಿತ್ರ ಇದ್ದಾಗ ಇಂಪ್ರೆಶನ್ (ಟ್ವೀಟ್ ಎಷ್ಟು ಸಲ ಕಣ್ಣಿಗೆ ಬಿತ್ತು ಅನ್ನೋ ಲೆಕ್ಕ) 7.7 ಪಟ್ಟು, ರೀಟ್ವೀಟ್ 8.4 ಪಟ್ಟು, ಪೇಪರ್ ತೆರೆದು ನೋಡಿದ್ದು 2.7 ಪಟ್ಟು. ಎಲ್ಲರೂ ಮೊದಲೆರಡು ನಂಬರ್ ಹೇಳಿ ಖುಷಿಪಡ್ತಾರೆ, ನಾನು ಮೂರನೇದನ್ನ ನೋಡಿ ಅಂತೀನಿ. ಹಂಚೋದು ಹೆಚ್ಚಿದಷ್ಟು ಓದೋದು ಹೆಚ್ಚಿಲ್ಲ, ಅಂದ್ರೆ ಬಹಳ ಜನರಿಗೆ ಆ ಚಿತ್ರಾನೇ ಪೇಪರ್. ಹಾಗಿದ್ಮೇಲೆ ಚಿತ್ರದಲ್ಲಿ ಏನು ಬಿಟ್ವಿ ಅನ್ನೋದು ತುಂಬಾ ಮುಖ್ಯ ಆಗುತ್ತೆ, ನಾನು ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಇದಕ್ಕೇ.

2015ರ ಸ್ಪ್ರಿಂಟ್ ಅನ್ನೋ ಬಿಪಿ ಟ್ರಯಲ್ (ರೋಗಿಗಳ ಮೇಲೆ ಚಿಕಿತ್ಸೆ ಹೋಲಿಸಿ ನೋಡೋ ಅಧ್ಯಯನ) ತಗೊಳ್ಳಿ. 9,361 ಜನ, ಎಲ್ಲರಿಗೂ 50 ದಾಟಿತ್ತು, ಮೇಲಿನ ಬಿಪಿ 140ರ ಒಳಗಿದ್ರೆ ಸಾಕಾ ಅಥವಾ 120ರ ಒಳಗೇ ಇಳಿಸಬೇಕಾ ಅಂತ ಪ್ರಶ್ನೆ. ಒಂದು ಹಾರ್ಟ್ ಐಕಾನ್ ಹಾಕಿ ಪಕ್ಕದಲ್ಲಿ "25% ಕಡಿಮೆ" ಅಂತ ದಪ್ಪಗೆ ಬರೆದ್ರೆ ಸುಳ್ಳೇನಲ್ಲ. ಆದ್ರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹಾರ್ಟ್ ಫೇಲ್ಯೂರ್ ಇಂಥವೆಲ್ಲ ಸೇರಿ 140ರ ಗುಂಪಲ್ಲಿ ವರ್ಷಕ್ಕೆ 2.19% ಇದ್ರೆ 120ರ ಗುಂಪಲ್ಲಿ 1.65% ಇತ್ತು, ಅಂದ್ರೆ ಸಾವಿರ ಜನರಲ್ಲಿ ವರ್ಷಕ್ಕೆ ಐದಾರು ಜನ ಬಚಾವ್. ಇದೂ ದೊಡ್ಡ ಲಾಭಾನೇ, ಆದ್ರೆ ಓದೋರ ತಲೇಲಿ ಕೂರೋ ಚಿತ್ರ ಬೇರೆ. ಬಿಪಿ ತೀರಾ ಇಳಿಯೋದು, ಪ್ರಜ್ಞೆ ತಪ್ಪೋದು, ಕಿಡ್ನಿಗೆ ಪೆಟ್ಟು ಬೀಳೋದು 120ರ ಗುಂಪಲ್ಲಿ ಜಾಸ್ತಿ ಇತ್ತು. ಇನ್ನೂ ಮುಖ್ಯ, ಶುಗರ್ ಇರೋರನ್ನ, ಮೊದಲೇ ಸ್ಟ್ರೋಕ್ ಆದವರನ್ನ ಈ ಟ್ರಯಲ್‌ಗೆ ಸೇರಿಸ್ಕೊಂಡೇ ಇರಲಿಲ್ಲ. ನಮ್ಮ ಕಡೆ ಬಿಪಿ ಮಾತ್ರೆ ನುಂಗೋರಲ್ಲಿ ಎಷ್ಟು ಜನಕ್ಕೆ ಶುಗರೂ ಇದೆ ಯೋಚಿಸಿ, ಆ ಒಂದು ಸಾಲು ಬಿಟ್ಟ ಚಿತ್ರ ಫ್ಯಾಮಿಲಿ ಗ್ರೂಪ್‌ಗೆ ಬಂದ್ರೆ ಅಪ್ಪನ ಮಾತ್ರೆ ಡೋಸ್ ಮನೇಲೇ ಏರಿಸೋರು ಇದ್ದಾರೆ. ಅದಕ್ಕೆ ನಮ್ಮ ಟೆಂಪ್ಲೇಟ್‌ನಲ್ಲಿ ಮೂರು ಭಾಗದಲ್ಲಿ ಒಂದು ಅಡ್ಡಪರಿಣಾಮಕ್ಕೇ ಮೀಸಲು, ಕೆಳಗೆ "ಯಾರ ಮೇಲೆ ಮಾಡಿಲ್ಲ" ಅಂತ ಒಂದು ಪಟ್ಟಿ, ಪರ್ಸೆಂಟ್ ಬದಲು "ಸಾವಿರಕ್ಕೆ ಇಷ್ಟು".

ಐಕಾನ್‌ಗೆ ನೌನ್ ಪ್ರಾಜೆಕ್ಟ್ ವೆಬ್‌ಸೈಟ್ ಚೆನ್ನಾಗಿದೆ, ಫ್ರೀಯಾಗಿ ತಗೊಂಡ್ರೆ ಮಾಡಿದವರ ಹೆಸರು ಹಾಕಲೇಬೇಕು. ವಿಜ್ಞಾನದ ಚಿತ್ರ ಮಾಡೋ ಬಯೋರೆಂಡರ್ ಅನ್ನೋ ಆನ್‌ಲೈನ್ ಟೂಲ್‌ನ ಚಿತ್ರಗಳು ಬಹಳ ಅಂದ, ಸೆಲ್, ಪ್ರೋಟೀನ್ ಬೇಕಾದ್ರೆ ಅದೇ ಸರಿ, ಆದ್ರೆ ಜರ್ನಲ್‌ನಲ್ಲಿ ಹಾಕೋಕೆ ದುಡ್ಡಿನ ಪ್ಲ್ಯಾನೇ ಬೇಕು, ಬಿಪಿ ಟ್ರಯಲ್‌ಗೆ ಅದೆಲ್ಲ ಬೇಕಾಗಲ್ಲ.

ಕನ್ನಡದಲ್ಲಿ ಮಾಡೋರಿಗೆ: ಒಂದು ಆ್ಯಪ್‌ನಲ್ಲಿ ಒತ್ತಕ್ಷರ ಎಲ್ಲಾ ಬಿಡಿಬಿಡಿಯಾಗಿ ಬಂದು ಇಡೀ ಸಂಜೆ ಹಾಳಾಯ್ತು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ನೋಟೋ ಸ್ಯಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಹಾಕಿ, ಎರಡೂ ಫ್ರೀ. ಹಳೇ ನುಡಿ ಫೈಲ್‌ನಿಂದ ನೇರ ಕಾಪಿ ಮಾಡಬೇಡಿ, ಅಕ್ಷರ ಕೆಡುತ್ತೆ.

ಇಂಗ್ಲಿಷ್ ಚಿತ್ರಕ್ಕೆ ಕನ್ನಡ ಪದ ಅಂಟಿಸಿದ್ರೆ ಜನರಿಗೆ ತಲುಪುತ್ತೆ ಅನ್ಕೋಬೇಡಿ. 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಬಂದ ಟ್ರಯಲ್‌ನಲ್ಲೂ ಚಿತ್ರ ಹಿಡಿಸಿದ್ದು ಡಾಕ್ಟರ್, ನರ್ಸ್ ಇಂಥವರಿಗೆ, ಸಾಮಾನ್ಯ ಜನ ಅಷ್ಟಾಗಿ ತಿರುಗಿ ನೋಡಿರಲಿಲ್ಲ. ನಾವು ಈಗ ಎರಡು ಬೇರೆ ಬೇರೆ ಮಾಡ್ತೀವಿ, ಡಾಕ್ಟರ್‌ಗಳಿಗೆ ಒಂದು, ಪೇಷೆಂಟ್ ಮನೆಯವರಿಗೆ ಒಂದು, ಎರಡನೇದನ್ನ ಪೋಸ್ಟ್ ಮಾಡೋ ಮೊದಲು ಆಶಾ ಕಾರ್ಯಕರ್ತೆಯರಿಗೆ ತೋರಿಸಿ "ಇದ್ರಿಂದ ನಿಮಗೇನು ಗೊತ್ತಾಯ್ತು ಹೇಳಿ" ಅಂತ ಕೇಳ್ತೀವಿ. ಪೇಪರ್ ಲಿಂಕ್ ಚಿತ್ರದ ಒಳಗೇ ಇರಲಿ, ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆಗ್ತಾ ಆಗ್ತಾ ಕ್ಯಾಪ್ಷನ್ ಎಲ್ಲೋ ಉದುರಿಹೋಗಿರುತ್ತೆ.