ವೀಲ್‌ಚೇರ್‌ನವರೇ, ಫಾರಿನ್ ಟೂರ್‌ಗೆ ಮುಂಚೆ ಟಿಕೆಟ್‌ನ ಆ ಒಂದು ಅಕ್ಷರ ನೋಡಿಕೊಳ್ಳಿ

ಬರೆಯೋಕೇ ನಾಚಿಕೆ ಆಗುತ್ತಿದೆ. ಆದರೂ ಬಳ್ಳಾರಿ ಕಡೆಯ ಇನ್ನೊಬ್ಬರು ಹೀಗೆ ಮೋಸ ಹೋಗಬಾರದು.

ನನಗೆ ಪೋಲಿಯೋ. ಒಂದು ಹೆಜ್ಜೆಯೂ ಇಡಲಾರೆ. ಹೆಂಡತಿ ಜೊತೆ ಬ್ಯಾಂಕಾಕ್, ಪಟ್ಟಾಯ ನೋಡುವ ಆಸೆ. ಊರಿನ ಒಬ್ಬ ಟ್ರಾವೆಲ್ ಏಜೆಂಟ್ "ಅಣ್ಣಾ, ಎಲ್ಲಾ ಕಡೆ ವೀಲ್‌ಚೇರ್ ಇರ್ತದ, ಟೆನ್ಷನ್ ಮಾಡ್ಕೋಬೇಡ್ರಿ" ಅಂದ. ಅವನ ಆಫೀಸು ಮಹಡಿ ಮೇಲೆ, ಲಿಫ್ಟ್ ಇಲ್ಲ. ಅವನೇ ಕೆಳಗಿಳಿದು ಬಂದು, ನನ್ನ ಮೂರು ಚಕ್ರದ ಸ್ಕೂಟಿ ಸೀಟಿನ ಮೇಲೇ ರಸೀದಿ ಬರೆದು ದುಡ್ಡು ತಗೊಂಡ. ಆಗಲೇ ಅರ್ಥ ಆಗಬೇಕಿತ್ತು ಅಲ್ವಾ?

ಬೆಂಗಳೂರು ಏರ್‌ಪೋರ್ಟ್ ಕೌಂಟರಿನ ಹುಡುಗಿ, "ಸರ್, ಮೆಟ್ಟಿಲು ಹತ್ತುತ್ತೀರಲ್ವಾ?" ಅಂದಳು. ನಾನು ಕಕ್ಕಾಬಿಕ್ಕಿ. ಟಿಕೆಟ್‌ನಲ್ಲಿ ವೀಲ್‌ಚೇರ್ ಕೋಡ್ ಡಬ್ಲ್ಯೂಸಿಎಚ್‌ಆರ್ ಅಂತಿತ್ತು. ಕೊನೆಗೆ 'ಆರ್' ಇದ್ದರೆ ದೂರ ನಡೆಯಲ್ಲ, ಮೆಟ್ಟಿಲು ಹತ್ತಿ ಸೀಟಿಗೆ ಹೋಗ್ತಾರೆ ಅಂತ. 'ಎಸ್' ಅಂದ್ರೆ ಮೆಟ್ಟಿಲು ಹತ್ತಲ್ಲ. ನನ್ನಂಥವರಿಗೆ 'ಸಿ', ಸೀಟಿನವರೆಗೂ ಕರೆದೊಯ್ಯಬೇಕು. ಆ ಹುಡುಗಿ ಅಲ್ಲೇ ಸರಿ ಮಾಡಿಸಿದಳು, ಪುಣ್ಯಾತ್ಗಿತ್ತಿ. ವಾಪಸ್ ಟಿಕೆಟ್‌ನಲ್ಲಿ 'ಆರ್' ಹಾಗೇ ಉಳಿದಿತ್ತು.

ಹೋಟೆಲ್‌ನಲ್ಲಿ ಬಾತ್‌ರೂಮ್ ಬಾಗಿಲು ನನ್ನ ಚೇರಿಗಿಂತ ನಾಲ್ಕು ಬೆರಳು ಕಿರಿದು. ನಾಲ್ಕೇ ಬೆರಳು! ತೆವಳಿಕೊಂಡು ಹೋದೆ. ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡಳು. ಕೋ ಲಾರ್ನ್ ದ್ವೀಪದ ಸ್ಪೀಡ್‌ಬೋಟ್‌ಗೆ ಮರಳು ದಾಟಿ ನೀರಿಗಿಳಿದು ಹತ್ತಬೇಕು, ನಾನು ದಡದಲ್ಲೇ. ವಾಟ್ ಅರುಣ್ ದೇವಸ್ಥಾನದ್ದು ಕಡಿದಾದ ಮೆಟ್ಟಿಲು, ಕೆಳಗಿಂದಲೇ ಕೈ ಮುಗಿದೆ. ಅಂಜನಾದ್ರಿಗೂ ಕೆಳಗಿಂದಲೇ ಮುಗಿಯೋದು, ಅದಕ್ಕೆ ಪಾಸ್‌ಪೋರ್ಟ್ ಬೇಕಿರಲಿಲ್ಲ.

ಏಜೆಂಟ್‌ಗೆ ಫೋನ್ ಮಾಡಿದೆ. "ಏರ್‌ಪೋರ್ಟ್‌ನಾಗ ವೀಲ್‌ಚೇರ್ ಕೊಟ್ಟಾರಲ್ಲಣ್ಣಾ? ಬಾಗಿಲ ಅಳತೆ ನನಗ್ಹೆಂಗ ಗೊತ್ತಿರ್ತದ?" 'ಆರ್' ಯಾಕೆ ಹಾಕಿದೆಯಪ್ಪಾ ಅಂದೆ. "ಆರ್ ಆದ್ರೇನು, ಸಿ ಆದ್ರೇನು, ವೀಲ್‌ಚೇರ್ ವೀಲ್‌ಚೇರೇ ಅಲ್ವಾ?"

'ಆರ್ ಆದ್ರೇನು' ಅಂದ್ರೆ ಇದು: ಬರುವಾಗ ವಿಮಾನ ದೂರ ನಿಂತಿತ್ತು, ಮೆಟ್ಟಿಲು ಹತ್ತಬೇಕಿತ್ತು. ಪಟ್ಟಿಯಲ್ಲಿ 'ಆರ್' ನೋಡಿ ಯಾರೂ ಎತ್ತುವ ಗಾಡಿ ತಂದಿರಲಿಲ್ಲ. ಇಬ್ಬರು ಹುಡುಗರು ನನ್ನನ್ನ ಮೂಟೆ ಥರ ಹೊತ್ತರು. ಎಲ್ಲರೂ ನೋಡ್ತಿದ್ದರು. ಎಲ್ಲರೂ.

ಏಜೆಂಟ್ ಮಾತು ಕೇಳಬೇಡಿ. ಹೊರಡುವ 48 ಗಂಟೆ ಮುಂಚೆಯೇ ಏರ್‌ಲೈನ್ಸ್‌ಗೆ ನೀವೇ ಫೋನ್ ಮಾಡಿ, ಹೋಗುವ, ಬರುವ ಎರಡೂ ಟಿಕೆಟ್‌ಗೆ ಸರಿಯಾದ ಅಕ್ಷರ ಹಾಕಿಸಿ. ಬಾತ್‌ರೂಮ್ ಬಾಗಿಲಿಗೆ ಟೇಪ್ ಹಿಡಿದ ಫೋಟೋ ಹೋಟೆಲ್‌ನವರಿಂದಲೇ ತರಿಸಿಕೊಳ್ಳಿ.

ದುಡ್ಡು ವಾಪಸ್ ಕೇಳಿದ ಮೇಲೆ ಅವನು ಫೋನ್ ಎತ್ತುತ್ತಿಲ್ಲ. ಆಫೀಸಿಗೇ ಹೋಗಿ ಕೇಳೋಣ ಅಂದ್ರೆ, ಮೆಟ್ಟಿಲು.